ಗಲಾಪಗೋಸ್: ಹಡಗು ಆರಿಸುವ ಮೊದಲು ದಾರಿ ಆರಿಸಿ

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳು ಈಚೆಗೆ ಮೂರು ಕರಪತ್ರಗಳನ್ನು ಕಳಿಸಿ, "ಮಾಮ, ಇದರಲ್ಲಿ ಯಾವುದು ಒಳ್ಳೆಯದು? ನಾಳೆಯೊಳಗೆ ಮುಂಗಡ ಕಟ್ಟಬೇಕು" ಎಂದಳು. ಮೂರೂ ಗಲಾಪಗೋಸ್ ದ್ವೀಪಗಳನ್ನು ಸುತ್ತುವ ಹಡಗುಗಳವು. ಮೂರರ ಮೊದಲ ಪುಟದಲ್ಲೂ ಬಿಳಿ ಹಾಸಿಗೆ, ಅದರ ಮೇಲೆ ಹಂಸದ ಆಕಾರಕ್ಕೆ ಮಡಿಚಿಟ್ಟ ಟವೆಲ್. ಎರಡನೆಯ ಪುಟದಲ್ಲಿ ಊಟದ ಮೇಜು. ಯಾವ ದಿನ ಯಾವ ದ್ವೀಪದ ಪಕ್ಕದಲ್ಲಿ ಲಂಗರು ಹಾಕುತ್ತಾರೆ ಎಂಬ ವಿವರ ಮಾತ್ರ ಕೊನೆಯ ಪುಟದ ಮೂಲೆಯಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿತ್ತು. ಹಣ ಕಟ್ಟುವ ಮೊದಲು ಓದಬೇಕಾದ್ದು ಆ ಮೂಲೆಯನ್ನು.

ಹೊರಡುವವರು ನಾಲ್ವರು. ಅವಳು, ಅವಳ ಹನ್ನೊಂದು ವರ್ಷದ ಮಗ, ಮೈಸೂರಿನಿಂದ ಬರುವ ಅಕ್ಕ ಮತ್ತು ಭಾವ. ಅಕ್ಕನಿಗೆ ಅರವತ್ತನಾಲ್ಕು, ಈಜು ಬಾರದು. ಭಾವನವರಿಗೆ ಮಂಡಿನೋವು. ಹುಡುಗ ನೀರಿಗಿಳಿದರೆ ಕರೆದರೂ ಮೇಲೆ ಬರುವವನಲ್ಲ. ನಮ್ಮವರ ಬಹುತೇಕ ಸಂಸಾರಗಳು ಹೀಗೆಯೇ ಹೊರಡುವುದರಿಂದ, ಅವಳಿಗೆ ಬರೆದ ಉದ್ದನೆಯ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ. ನಾನು ಆ ದ್ವೀಪಗಳಿಗೆ ಎರಡು ಸಲ ಹೋಗಿಬಂದಿದ್ದೇನೆ. ಒಂದು ಸಲ ಸೆಪ್ಟೆಂಬರಿನಲ್ಲಿ, ಹದಿನಾರು ಜನರ ಹಡಗಿನಲ್ಲಿ, ಪಶ್ಚಿಮದ ದಾರಿ. ಇನ್ನೊಂದು ಸಲ ಫೆಬ್ರವರಿಯಲ್ಲಿ, ಐದು ದಿನ ಹಡಗು, ಉಳಿದ ದಿನ ಊರಿನಲ್ಲಿ ಕೋಣೆ ಮಾಡಿಕೊಂಡು. ಎರಡು ಸಲವೂ ಒಂದೊಂದು ತಪ್ಪು ಮಾಡಿದ್ದೇನೆ. ಅವೂ ಇಲ್ಲಿ ಬರುತ್ತವೆ.

ದಾರಿ ನಿಗದಿ ಮಾಡುವವರು ಯಾರು

ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1000 ಕಿ.ಮೀ. ಪಶ್ಚಿಮಕ್ಕೆ, ಭೂಮಧ್ಯರೇಖೆಯ ಮೇಲೆ ಹರಡಿಕೊಂಡ ಜ್ವಾಲಾಮುಖಿ ದ್ವೀಪಗಳಿವು. 1959ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನೆಲದ ಶೇಕಡ 97 ಭಾಗ ಅದರೊಳಗಿದೆ. 1998ರಲ್ಲಿ ಸುತ್ತಲಿನ ಸಮುದ್ರಕ್ಕೂ ರಕ್ಷಣೆ ಬಂತು. ಹೀಗಾಗಿ ಇಲ್ಲಿ ಕ್ಯಾಪ್ಟನ್ ತನಗೆ ತೋಚಿದ ಕಡೆ ಹಡಗು ತಿರುಗಿಸುವಂತಿಲ್ಲ. ಪ್ರತಿ ಹಡಗಿಗೂ ಯಾವ ದಿನ ಬೆಳಿಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ ಎಂದು ಉದ್ಯಾನದವರೇ ವೇಳಾಪಟ್ಟಿ ಕೊಡುತ್ತಾರೆ. 2012ರಿಂದ ಇನ್ನೊಂದು ನಿಯಮ ಸೇರಿದೆ: ಒಂದು ಹಡಗು ಒಮ್ಮೆ ಹೋದ ಜಾಗಕ್ಕೆ ಹದಿನಾಲ್ಕು ದಿನದೊಳಗೆ ಮತ್ತೆ ಹೋಗುವಂತಿಲ್ಲ.

ಇದರ ಪರಿಣಾಮ ಪ್ರಯಾಣಿಕನ ಮೇಲೆ ನೇರವಾಗಿ ಆಗುತ್ತದೆ. ಹಡಗಿನ ಮಾಲೀಕರು ಹದಿನೈದು ದಿನದ ಸುತ್ತೊಂದನ್ನು ಎರಡು ಮೂರು ತುಂಡು ಮಾಡಿ ಮಾರುತ್ತಾರೆ. ಅದೇ ಹಡಗು ಈ ವಾರ ಪಶ್ಚಿಮಕ್ಕೆ, ಮುಂದಿನ ವಾರ ಪೂರ್ವಕ್ಕೆ. ಅದೇ ಅಡಿಗೆಯವನು, ಅದೇ ಹಾಸಿಗೆ, ಅದೇ ಟವೆಲಿನ ಹಂಸ. ಕಾಣುವ ಪ್ರಾಣಿಗಳು ಮಾತ್ರ ಬೇರೆ ಬೇರೆ. "ನಮ್ಮ ಆಫೀಸಿನವರು ಆ ಹಡಗಿನಲ್ಲಿ ಹೋಗಿದ್ದರಂತೆ, ಪೆಂಗ್ವಿನ್ ಕಂಡವಂತೆ" ಎಂಬ ಮಾತನ್ನು ನಂಬಿ ಅದೇ ಹಡಗಿನ ಇನ್ನೊಂದು ವಾರಕ್ಕೆ ದುಡ್ಡು ಕಟ್ಟಿದವರನ್ನು ನಾನು ಬಲ್ಲೆ. ಅವರಿಗೆ ಹಕ್ಕಿಗಳು ಬೇಕಾದಷ್ಟು ಕಂಡವು. ಪೆಂಗ್ವಿನ್ ಒಂದೂ ಕಾಣಲಿಲ್ಲ.

ಪಶ್ಚಿಮದ ದಾರಿ

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಲ ಜೀವಿಗಳಿಗಾಗಿಯೇ ಅಷ್ಟು ದೂರ ಹೋಗುವುದಾದರೆ ಪಶ್ಚಿಮಕ್ಕೆ ಹೋಗಿ. ಇಸಬೆಲಾ ದ್ವೀಪದ ಬೆನ್ನು ಮತ್ತು ಅದಕ್ಕೆದುರಾದ ಫರ್ನಾಂಡಿನಾ, ಇವೆರಡರ ನಡುವಿನ ಬೊಲಿವಾರ್ ಕಾಲುವೆ, ಇಷ್ಟೇ ಆ ದಾರಿಯ ಜೀವ.

ಅಲ್ಲಿ ಏನು ವಿಶೇಷ ಎಂದರೆ ನೀರು. ಪೆಸಿಫಿಕ್ ಸಾಗರದ ಆಳದಲ್ಲಿ ಭೂಮಧ್ಯರೇಖೆಯ ಗುಂಟ ಪಶ್ಚಿಮದಿಂದ ಪೂರ್ವಕ್ಕೆ ಒಂದು ತಣ್ಣನೆಯ ಪ್ರವಾಹ ಹರಿಯುತ್ತದೆ. ಕ್ರಾಮ್‌ವೆಲ್ ಪ್ರವಾಹ ಎನ್ನುತ್ತಾರೆ. ಸಾವಿರಾರು ಕಿಲೋಮೀಟರು ಅಡ್ಡಿಯಿಲ್ಲದೆ ಬಂದ ಆ ನೀರು ಮೊದಲು ಬಂದು ಬಡಿಯುವುದು ಫರ್ನಾಂಡಿನಾ ಮತ್ತು ಇಸಬೆಲಾದ ಗೋಡೆಗೆ. ಬಡಿದದ್ದು ಮೇಲಕ್ಕೆ ಉಕ್ಕುತ್ತದೆ. ಆಳದ ಗೊಬ್ಬರವೆಲ್ಲ ಬಿಸಿಲಿಗೆ ಬರುತ್ತದೆ, ಪಾಚಿ ಬೆಳೆಯುತ್ತದೆ, ಪಾಚಿಯ ಹಿಂದೆ ಮೀನು, ಮೀನಿನ ಹಿಂದೆ ಉಳಿದವರೆಲ್ಲ. ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ಬದುಕಿರುವುದು ಈ ತಣ್ಣೀರಿನ ದಯೆಯಿಂದ. ಗಲಾಪಗೋಸ್ ಪೆಂಗ್ವಿನ್ ಅರ್ಧ ಮೀಟರ್ ಎತ್ತರದ, ಎರಡೂವರೆ ಕಿಲೋ ತೂಗುವ ಪುಟ್ಟ ಹಕ್ಕಿ. ಉತ್ತರಾರ್ಧಗೋಳದಲ್ಲೂ ವಾಸಿಸುವ ಪೆಂಗ್ವಿನ್ ಇದೊಂದೇ. ಹೆಚ್ಚಿನವು ಇರುವುದು ಈ ಪಶ್ಚಿಮದ ದಡಗಳಲ್ಲಿ. ಹಾರುವುದನ್ನೇ ಬಿಟ್ಟ ನೀರುಕಾಗೆಯಂತೂ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಫರ್ನಾಂಡಿನಾ, ಇಸಬೆಲಾದ ಉತ್ತರ ಮತ್ತು ಪಶ್ಚಿಮ ದಡ, ಅಷ್ಟೇ. ನಮ್ಮ ಕೆರೆಗಳ ನೀರುಕಾಗೆಯಂತೆಯೇ ಈಜಿ ಬಂದು ರೆಕ್ಕೆ ಹರಡಿ ಒಣಗಿಸುತ್ತದೆ. ಆದರೆ ಆ ರೆಕ್ಕೆ ಹರಿದ ಛತ್ರಿಯಂತೆ ಮೋಟಾಗಿರುತ್ತದೆ. ಗಂಡು ಹೊರಗಿನಿಂದ ಬರುವಾಗ ಬಾಯಲ್ಲಿ ಒಂದೆಳೆ ಕಡಲಪಾಚಿ ತಂದು ಗೂಡಿನಲ್ಲಿರುವ ಹೆಣ್ಣಿಗೆ ಕೊಡುತ್ತದೆ. ಹೆಣ್ಣು ಅದನ್ನು ತೆಗೆದುಕೊಂಡು ಎಲ್ಲಿಡಲಿ ಎಂದು ಯೋಚಿಸಿ, ಇಟ್ಟು, ಮತ್ತೆ ತೆಗೆದು ಇನ್ನೊಂದು ಕಡೆ ಇಡುತ್ತದೆ. ಅದನ್ನು ನೋಡುತ್ತ ನಾನು ಇಪ್ಪತ್ತು ನಿಮಿಷ ನಿಂತಿದ್ದೆ. ಮನೆಯಲ್ಲಿ ಸೋಫಾ ಸರಿಸಿದ್ದು ನೆನಪಾಗಿ ನಗು ಬಂತು.

ಫರ್ನಾಂಡಿನಾದಲ್ಲಿ ಇಳಿಯುವ ಜಾಗ ಪುಂಟಾ ಎಸ್ಪಿನೋಸಾ. ಕಪ್ಪು ಲಾವಾ ಬಂಡೆಯ ಮೇಲೆ ಕಪ್ಪು ಇಗುವಾನಾಗಳು ನೂರಾರು, ಒಂದರ ಮೇಲೊಂದು ಕಾಲು ಹಾಕಿಕೊಂಡು ಬಿಸಿಲು ಕಾಯುತ್ತಿರುತ್ತವೆ. ಉಡವನ್ನು ನೋಡಿದವರಿಗೆ ಆಕಾರ ಅಪರಿಚಿತವಲ್ಲ. ಸಮುದ್ರಕ್ಕಿಳಿದು ಮೇಯುವ ಹಲ್ಲಿ ಜಾತಿ ಇದೊಂದೇ. ಪಾಚಿಯ ಜೊತೆ ಒಳಗೆ ಹೋದ ಉಪ್ಪನ್ನು ಮೂಗಿನಿಂದ ಸೀನಿ ಹೊರಗೆ ಹಾಕುತ್ತದೆ. ನಾನು ಬಗ್ಗಿ ಕ್ಯಾಮೆರಾ ಹಿಡಿದಾಗ ಒಂದು ನೇರವಾಗಿ ಲೆನ್ಸಿನ ಮೇಲೆ ಸೀನಿತು. ಒರೆಸುವ ಬಟ್ಟೆ ಹಡಗಿನಲ್ಲಿತ್ತು. ಮುಂದಿನ ಚಿತ್ರಗಳಲ್ಲೆಲ್ಲ ಬಲಮೂಲೆಯಲ್ಲಿ ಉಪ್ಪಿನ ಚುಕ್ಕೆಗಳಿವೆ. 1835ರಲ್ಲಿ ಇಲ್ಲಿಗೆ ಬಂದ ಡಾರ್ವಿನ್ ಒಂದು ಇಗುವಾನಾವನ್ನು ಹಿಡಿದು ನೀರಿಗೆ ಎಸೆದ. ಅದು ಅವನು ನಿಂತಲ್ಲಿಗೇ ಈಜಿ ಬಂತು. ಮತ್ತೆ ಎಸೆದ, ಮತ್ತೆ ಬಂತು. ಇಂದು ಹಾಗೆ ಮಾಡಲು ಹೋದರೆ ನಿಮ್ಮನ್ನೇ ದ್ವೀಪದಿಂದ ಹೊರಗೆ ಎಸೆಯುತ್ತಾರೆ. ಎರಡು ಮೀಟರ್ ದೂರ ಕಾಯ್ದುಕೊಳ್ಳಬೇಕೆಂಬುದು ನಿಯಮ. ನೀವು ಕಾಯ್ದುಕೊಂಡರೂ ಕಡಲಸಿಂಹದ ಮರಿಗಳು ಕಾಯ್ದುಕೊಳ್ಳುವುದಿಲ್ಲ ಎಂಬುದು ಬೇರೆ ವಿಷಯ.

ನೀರಿನೊಳಗಿನದು ಇನ್ನೊಂದು ಲೋಕ. ಇಸಬೆಲಾದ ಬಾಯಿಯಂತಿರುವ ಪುಂಟಾ ವಿಸೆಂಟೆ ರೋಕಾದಲ್ಲಿ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಹಾಕಿಕೊಂಡು ಇಳಿದಾಗ ಮೊದಲ ಅರ್ಧ ನಿಮಿಷ ಉಸಿರೇ ಸಿಕ್ಕಿಕೊಂಡಿತು, ಅಷ್ಟು ಚಳಿ. ಆಮೇಲೆ ಕೆಳಗೆ ನೋಡಿದರೆ ಹಸಿರು ಕಡಲಾಮೆಗಳು, ಒಂದಲ್ಲ ಎರಡಲ್ಲ, ಎಣಿಸುತ್ತ ಹದಿನೇಳಕ್ಕೆ ಬಿಟ್ಟೆ. ಬಂಡೆಗೆ ಉಗುರೂರಿ ಅಂಟಿಕೊಂಡ ಇಗುವಾನಾ ದನ ಹುಲ್ಲು ಮೇಯುವಂತೆ ತಲೆ ಓರೆ ಮಾಡಿ ಪಾಚಿ ಕತ್ತರಿಸುತ್ತಿತ್ತು. ಅಲೆ ಬಂದಾಗ ಅದೂ ನಾನೂ ಒಂದೇ ಕಡೆಗೆ ತೂಗುತ್ತಿದ್ದೆವು. ಅಷ್ಟರಲ್ಲಿ ಗುಳ್ಳೆಗಳ ಗೆರೆಯೊಂದು ಮುಖದ ಮುಂದೆ ಹಾದುಹೋಯಿತು. ಅದು ಪೆಂಗ್ವಿನ್ ಎಂದು ತಿಳಿದದ್ದು ಅದು ಹೋದ ಮೇಲೆ. ದೊಡ್ಡ ತಟ್ಟೆಯಂತಹ ಮೋಲಾ ಮೀನು ಅಲ್ಲಿ ಆಗಾಗ ಕಾಣುತ್ತದೆ. ನಮಗೆ ಕಾಣಲಿಲ್ಲ, ಹಿಂದಿನ ದಿನದ ಹಡಗಿನವರಿಗೆ ಕಂಡಿತ್ತು. ಕಾಲುವೆ ದಾಟುವಾಗ ಡೆಕ್ ಮೇಲೆ ಇರಬೇಕು. ತಿಮಿಂಗಿಲಗಳೂ ಡಾಲ್ಫಿನ್ ಹಿಂಡುಗಳೂ ಅಲ್ಲಿ ಮೀನು ಹಿಡಿಯಲು ಬರುತ್ತವೆ. ನಾವು ಊಟ ಮಾಡುತ್ತಿದ್ದಾಗ ಯಾರೋ ಕೂಗಿದರು, ಎಲ್ಲರೂ ತಟ್ಟೆ ಬಿಟ್ಟು ಓಡಿದೆವು. ಬ್ರೈಡ್ ತಿಮಿಂಗಿಲದ ಬೆನ್ನು ಮೂರು ಸಲ ಎದ್ದು ಮುಳುಗಿತು.

ಈ ದಾರಿಯ ದೋಷ ಎಂದರೆ ದೂರ. ಇಸಬೆಲಾವನ್ನು ಬಳಸಿ ಹೋಗಬೇಕು, ರಾತ್ರಿಯ ಪಯಣ ಉದ್ದ, ನಾಲ್ಕು ದಿನದ ತುಂಡಿನಲ್ಲಿ ಇದು ಅಚ್ಚುಕಟ್ಟಾಗಿ ಮುಗಿಯುವುದಿಲ್ಲ. ಚಳಿ ನೀರು ಎರಡನೆಯದು. ಮೂರನೆಯದು ನಿಮ್ಮ ಕೈಯಲ್ಲಿಲ್ಲ: ಎಲ್ ನಿನ್ಯೊ ವರ್ಷಗಳಲ್ಲಿ ಬೆಚ್ಚನೆಯ ನೀರು ಬಂದು, ಆಳದ ನೀರು ಹೀಗೆ ಮೇಲಕ್ಕೆ ಉಕ್ಕುವುದು ನಿಂತುಬಿಡುತ್ತದೆ. ಪಾಚಿ ಇಲ್ಲ, ಮೀನಿಲ್ಲ. 1982-83ರ ಎಲ್ ನಿನ್ಯೊದಲ್ಲಿ ಪೆಂಗ್ವಿನ್‌ಗಳ ಸುಮಾರು ಮುಕ್ಕಾಲು ಪಾಲು ಅಳಿದುಹೋದವು. ಹವಾಮಾನದ ಸುದ್ದಿಯಲ್ಲಿ ಎಲ್ ನಿನ್ಯೊ ಹೆಸರು ಜೋರಾಗಿದ್ದರೆ ಪಶ್ಚಿಮದ ಪ್ರವಾಸವನ್ನು ಒಂದು ವರ್ಷ ಮುಂದೂಡಿ.

ಉಳಿದ ದಿಕ್ಕುಗಳು

ದಕ್ಷಿಣ ಮತ್ತು ಪೂರ್ವದ ದಾರಿಯಲ್ಲಿ ಎಸ್ಪನ್ಯೋಲಾ, ಫ್ಲೊರೆಯಾನಾ, ಸಾನ್ ಕ್ರಿಸ್ಟೋಬಲ್ ಬರುತ್ತವೆ. ಇದರ ರಾಜ ಆಲ್ಬಟ್ರಾಸ್. ಎರಡು ಮೀಟರಿಗೂ ಮೀರಿದ ರೆಕ್ಕೆಯ ಈ ಹಕ್ಕಿಗಳು ಹೆಚ್ಚುಕಡಿಮೆ ಎಲ್ಲವೂ ಎಸ್ಪನ್ಯೋಲಾ ಒಂದರಲ್ಲೇ ಮರಿ ಮಾಡುತ್ತವೆ. ಜೋಡಿ ಎದುರೆದುರು ನಿಂತು ಕೊಕ್ಕಿಗೆ ಕೊಕ್ಕು ತಾಗಿಸಿ ಟಕಟಕ ಬಡಿಯುವ ಕುಣಿತವನ್ನು ನೋಡಿದವರು ಮರೆಯುವುದಿಲ್ಲ ಎನ್ನುತ್ತಾರೆ. ನಾನು ನೋಡಿಲ್ಲ. ಆಲ್ಬಟ್ರಾಸ್ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಮಾತ್ರ ಅಲ್ಲಿರುತ್ತದೆ. ನಾನು ಫೆಬ್ರವರಿಯಲ್ಲಿ ಹೋಗಿ ಖಾಲಿ ಬಂಡೆಯ ಚಿತ್ರ ತೆಗೆದುಕೊಂಡು ಬಂದೆ. ಕರಪತ್ರದ ಮುಖಪುಟದಲ್ಲಿ ಆ ಹಕ್ಕಿ ಇತ್ತು, ತಿಂಗಳ ಮಾತು ಎಲ್ಲೂ ಇರಲಿಲ್ಲ. ಕೇಳದೆ ಇದ್ದದ್ದು ನನ್ನ ತಪ್ಪು.

ಈ ದಾರಿಯಲ್ಲಿ ಸಮುದ್ರದೊಳಗಿನದಕ್ಕೂ ಬರ ಇಲ್ಲ. ಫ್ಲೊರೆಯಾನಾ ಹತ್ತಿರದ ಡೆವಿಲ್ಸ್ ಕ್ರೌನ್ ಎಂಬ ಮುಳುಗಿದ ಜ್ವಾಲಾಮುಖಿಯ ಬಾಯಿ, ಸಾನ್ ಕ್ರಿಸ್ಟೋಬಲ್ ಪಕ್ಕದ ಕಿಕ್ಕರ್ ರಾಕ್, ಎರಡೂ ಸ್ನಾರ್ಕೆಲಿಗೆ ಹೆಸರಾದವು. ಕಿಕ್ಕರ್ ರಾಕ್‌ನ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಕೆಳಗೆ ಶಾರ್ಕ್‌ಗಳು, ತೊರಕೆ ಮೀನುಗಳು ಹಾಯುತ್ತವೆ. ಎಸ್ಪನ್ಯೋಲಾದ ಗಾರ್ಡ್ನರ್ ಕೊಲ್ಲಿಯ ಬಿಳಿ ಮರಳಿನಲ್ಲಿ ಕಡಲಸಿಂಹಗಳು ಮದುವೆಮನೆಯ ಮಧ್ಯಾಹ್ನದ ನೆಂಟರಂತೆ ಉರುಳಿಕೊಂಡಿರುತ್ತವೆ.

ಉತ್ತರದ ಜೆನೊವೆಸಾ ಹಕ್ಕಿಗಳ ದ್ವೀಪ. ಕೆಂಪುಗಾಲಿನ ಬೂಬಿ, ಕೆಂಪು ಚೀಲ ಉಬ್ಬಿಸುವ ಫ್ರಿಗೇಟ್ ಹಕ್ಕಿ. ಹಕ್ಕಿಯ ಹುಚ್ಚಿದ್ದವರಿಗೆ ಇದೇ ಮೊದಲ ಆಯ್ಕೆ, ಉಳಿದವರು ಇದಕ್ಕಾಗಿ ಒಂದು ಇಡೀ ರಾತ್ರಿಯ ಓಲಾಟ ಅನುಭವಿಸಬೇಕೇ ಎಂದು ಯೋಚಿಸಲಿ.

ಇನ್ನೂ ವಾಯವ್ಯಕ್ಕೆ ಡಾರ್ವಿನ್ ಮತ್ತು ವೂಲ್ಫ್ ದ್ವೀಪಗಳಿವೆ. ಜೂನ್‌ನಿಂದ ನವೆಂಬರ್‌ವರೆಗೆ ತಿಮಿಂಗಿಲ ಶಾರ್ಕ್, ಸುತ್ತಿಗೆ ತಲೆಯ ಶಾರ್ಕ್‌ಗಳ ಹಿಂಡು. ಆದರೆ ಅಲ್ಲಿಗೆ ಹೋಗುವುದು ಸ್ಕೂಬಾ ಹಡಗುಗಳು ಮಾತ್ರ. ಸೆಳೆತ ಬಿರುಸು, ನೀರಿನಡಿ ಸಾಕಷ್ಟು ಅನುಭವ ಬೇಕು. ನೇತ್ರಾಣಿಯಲ್ಲಿ ಎರಡು ಸಲ ತರಬೇತುದಾರರ ಕೈ ಹಿಡಿದು ಇಳಿದದ್ದು ಸಾಲದು.

ತಿಂಗಳು

ಎರಡೇ ಕಾಲ. ಡಿಸೆಂಬರ್‌ನಿಂದ ಮೇವರೆಗೆ ಬೆಚ್ಚನೆಯ ಕಾಲ: ನೀರು 24ರಿಂದ 27 ಡಿಗ್ರಿ, ಸಮುದ್ರ ಶಾಂತ, ಆಗಾಗ ಮಳೆ, ದ್ವೀಪಗಳು ಹಸಿರು, ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ತಣ್ಣನೆಯ ಕಾಲ: ಮೋಡ, ಅವರು ಗರೂವಾ ಎನ್ನುವ ತುಂತುರು, ನೀರು 18ರಿಂದ 22, ಪಶ್ಚಿಮದಲ್ಲಿ ಇನ್ನೂ ಕಡಿಮೆ. ಆಹಾರ ಹೇರಳವಾಗಿರುವುದರಿಂದ ಕಡಲ ಜೀವಿಗಳ ಚಟುವಟಿಕೆ ಈ ಕಾಲದಲ್ಲೇ ಹೆಚ್ಚು. ಆಗಸ್ಟ್ ನಂತರ ಕಡಲಸಿಂಹದ ಮರಿಗಳೂ ಹುಟ್ಟುತ್ತವೆ. ಆದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲೆಯೂ ಜೋರು.

ಹೊಟ್ಟೆ ತೊಳಸುವವರು ಈ ಮೂರು ತಿಂಗಳು ಬಿಡುವುದು ಮೇಲು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಯಲ್ಲಿ ಅಂಚು ಹಿಡಿದು ವಾಂತಿ ಮಾಡಿಕೊಂಡವರು ಯಾರೆಂದು ಮನೆಯವರಿಗೆ ಗೊತ್ತೇ ಇರುತ್ತದೆ. ಅಲ್ಲಿ ಗಂಟೆ ಒಂದೂವರೆ, ಇಲ್ಲಿ ರಾತ್ರಿಯೆಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ಬೇಕೆಂದರೆ ಮೇ ಕೊನೆ, ಜೂನ್ ಒಳ್ಳೆಯದು. ಆಲ್ಬಟ್ರಾಸ್ ಬಂದಿರುತ್ತದೆ, ನೀರು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ, ಸಮುದ್ರ ಇನ್ನೂ ಕೆರಳಿರುವುದಿಲ್ಲ.

ಹದಿನಾರು ಜನವೋ, ನೂರು ಜನವೋ

ಗಲಾಪಗೋಸ್‌ನಲ್ಲಿ ಓಡುವ ಅತಿ ದೊಡ್ಡ ಹಡಗಿನಲ್ಲೂ ನೂರು ಪ್ರಯಾಣಿಕರಿಗಿಂತ ಹೆಚ್ಚು ಇರುವಂತಿಲ್ಲ. ಹದಿನಾರು ಮಂದಿಗೆ ಒಬ್ಬ ಮಾರ್ಗದರ್ಶಿ ಎಂಬ ಲೆಕ್ಕದಿಂದಾಗಿ ಸಣ್ಣ ಹಡಗುಗಳೆಲ್ಲ ಹದಿನಾರಕ್ಕೇ ಕಟ್ಟಿದವು.

ಸಣ್ಣ ಹಡಗಿನ ಸುಖ ಇಳಿಯುವಾಗ ಗೊತ್ತಾಗುತ್ತದೆ. ದಡಕ್ಕೆ ಕರೆದೊಯ್ಯುವ ರಬ್ಬರ್ ದೋಣಿಗೆ ಅಲ್ಲಿ ಪಂಗಾ ಎನ್ನುತ್ತಾರೆ. ಎರಡು ಪಂಗಾಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಟುಬಿಡಬಹುದು. ಡಾಲ್ಫಿನ್ ಕಂಡರೆ ಕ್ಯಾಪ್ಟನ್ ಐದು ನಿಮಿಷ ನಿಧಾನ ಮಾಡುತ್ತಾನೆ. ರಾತ್ರಿ ಲಂಗರು ಹಾಕಿದಾಗ ಹಿಂಭಾಗದ ಮೆಟ್ಟಿಲು ನೀರಿಗೆ ಒಂದು ಗೇಣು ಮೇಲಿರುತ್ತದೆ. ದೀಪಕ್ಕೆ ಬಂದ ಹಾರುಮೀನುಗಳನ್ನು ಕಡಲಸಿಂಹವೊಂದು ಹಿಡಿದು ತಿನ್ನುವುದನ್ನು, ಅದರ ಕೆಳಗೆ ಶಾರ್ಕ್‌ಗಳು ನೆರಳಿನಂತೆ ಸುತ್ತುವುದನ್ನು ನಾವು ಆ ಮೆಟ್ಟಿಲ ಮೇಲೆ ಕುಳಿತು ನೋಡಿದೆವು. ಬೆಳಿಗ್ಗೆ ಎದ್ದರೆ ಅದೇ ಕಡಲಸಿಂಹವೋ ಅದರ ತಮ್ಮನೋ ನಮ್ಮ ಒದ್ದೆ ಟವೆಲಿನ ಮೇಲೆ ಮಲಗಿತ್ತು.

ಕಷ್ಟವೂ ಅಲ್ಲಿಯೇ. ಹಡಗು ಸಣ್ಣದಾದಷ್ಟೂ ಓಲಾಟ ಹೆಚ್ಚು. ಎರಡು ಒಡಲಿನ ಕೆಟಮರಾನ್ ಪಕ್ಕಕ್ಕೆ ಅಷ್ಟು ಹೊರಳುವುದಿಲ್ಲ, ಆದರೆ ಎದುರು ಅಲೆಗೆ ಅಡಿಯಲ್ಲಿ ದಬದಬ ಬಡಿಯುತ್ತದೆ. ನಿದ್ದೆ ತೆಳ್ಳಗಿರುವವರಿಗೆ ಹಿಂಸೆ. ಕೋಣೆ ಆರಿಸುವಾಗ ಎಲ್ಲರೂ ಮೇಲಿನ ಮಹಡಿಯ ದೊಡ್ಡ ಕಿಟಕಿ ಕೇಳುತ್ತಾರೆ, ಹೆಚ್ಚು ದುಡ್ಡೂ ಕೊಡುತ್ತಾರೆ. ಜೋಕಾಲಿಯ ತುದಿ ಅದು. ನೀರಿನ ಮಟ್ಟಕ್ಕೆ ಹತ್ತಿರದ, ಹಡಗಿನ ನಡುವಿನ ಕೋಣೆ ಅಗ್ಗವೂ ಹೌದು, ತೂಗುವುದೂ ಕಡಿಮೆ. ಇಂಜಿನ್ನಿಗೆ ಎಷ್ಟು ಹತ್ತಿರ ಎಂದು ಮಾತ್ರ ಕೇಳಿ. ನಾನು ಕೇಳಿರಲಿಲ್ಲ, ನನ್ನ ಸೆಪ್ಟೆಂಬರಿನ ತಪ್ಪು ಅದು. ಏಳು ರಾತ್ರಿ ಹಿಟ್ಟಿನ ಗಿರಣಿಯಲ್ಲಿ ಮಲಗಿದಂತಿತ್ತು.

ಮಾರ್ಗದರ್ಶಿಯ ಪ್ರಶ್ನೆ ಇನ್ನೂ ಮುಖ್ಯ. ಹದಿನಾರು ಜನರ ಹಡಗಿನಲ್ಲಿ ಇರುವವನು ಒಬ್ಬನೇ. ಈಜುವವರ ಜೊತೆ ಅವನು ನೀರಿಗಿಳಿದರೆ, ಇಳಿಯದವರ ಜೊತೆ ಯಾರು? ಪಂಗಾ ನಡೆಸುವವನು ಇರುತ್ತಾನೆ, ಅವನಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದಿರಬಹುದು. ತೊಂಬತ್ತು ನೂರು ಜನರ ಹಡಗಿನಲ್ಲಿ ಐದಾರು ಮಾರ್ಗದರ್ಶಿಗಳಿರುತ್ತಾರೆ. ನಡೆಯುವವರಿಗೆ ಒಂದು ತಂಡ, ಕುಳಿತು ನೋಡುವವರಿಗೆ ಇನ್ನೊಂದು. ಕೆಲವುಗಳಲ್ಲಿ ಗಾಜಿನ ತಳದ ದೋಣಿ ಇರುತ್ತದೆ, ವೈದ್ಯರೂ ಇರುತ್ತಾರೆ. ಇಳಿಯಲು ಸರದಿ ಕಾಯಬೇಕು, ಧ್ವನಿವರ್ಧಕದಲ್ಲಿ ತಂಡದ ಹೆಸರು ಕೂಗುವುದನ್ನು ಕೇಳಬೇಕು. ನನಗೆ ಅದು ರೈಲ್ವೆ ನಿಲ್ದಾಣ. ಎಪ್ಪತ್ತು ದಾಟಿದವರಿಗೆ, ಮಾತ್ರೆ ಡಬ್ಬಿ ಹೊತ್ತವರಿಗೆ ಅದೇ ಸರಿ.

ಎಂಟು ದಿನವೆಂದರೆ ಆರು

ಇಲ್ಲಿ ದಿನದ ಲೆಕ್ಕ ನಮ್ಮ ಲಾಡ್ಜಿನ ಲೆಕ್ಕದಂತೆ. ವಿಮಾನ ಇಳಿದು ಹಡಗು ಹತ್ತುವ ಮಧ್ಯಾಹ್ನ ಒಂದು ದಿನ. ಬೆಳಿಗ್ಗೆ ತಿಂಡಿ ತಿನ್ನಿಸಿ ವಿಮಾನ ನಿಲ್ದಾಣಕ್ಕೆ ಬಿಡುವುದೂ ಒಂದು ದಿನ. ನಾಲ್ಕು ದಿನದ ಪ್ರವಾಸದಲ್ಲಿ ಪೂರ್ತಿ ದಿನಗಳು ಎರಡೇ. ಎಂಟು ದಿನ ಎಂದು ಮಾರುವುದು ಎಷ್ಟೋ ಸಲ ನಾಲ್ಕು ಮತ್ತು ಐದು ದಿನದ ಎರಡು ತುಂಡುಗಳ ಹೊಲಿಗೆ. ನಡುವೆ ವಿಮಾನ ನಿಲ್ದಾಣವಿರುವ ಬಾಲ್ಟ್ರಾ ದ್ವೀಪದಲ್ಲಿ ಹಳಬರು ಇಳಿದು ಹೊಸಬರು ಹತ್ತುವಾಗ ನಿಮ್ಮ ಅರ್ಧ ದಿನ ಹೋಗುತ್ತದೆ. "ನಡುವೆ ಪ್ರಯಾಣಿಕರು ಬದಲಾಗುತ್ತಾರೆಯೇ?" ಎಂದು ನೇರವಾಗಿ ಕೇಳಿ. ಅಮೆರಿಕದಿಂದ ಹೋಗುವುದೇ ಎರಡು ವಿಮಾನ, ಬೆಂಗಳೂರಿನಿಂದಂತೂ ಎರಡು ದಿನದ ಪಾಡು. ಅಷ್ಟು ಹೋಗಿ ನಾಲ್ಕು ದಿನಕ್ಕೆ ವಾಪಸು ಬರುವುದು ಧರ್ಮಸ್ಥಳಕ್ಕೆ ಹೋಗಿ ಊಟ ಮಾಡದೆ ಬಂದಂತೆ.

ಖರ್ಚು ಸಣ್ಣದಲ್ಲ. ಎಂಟು ದಿನಕ್ಕೆ ತಲೆಗೆ ಮೂರು ನಾಲ್ಕು ಸಾವಿರ ಡಾಲರ್ ಕೆಳಗೆ ಒಳ್ಳೆಯ ಹಡಗು ಸಿಗುವುದು ಅಪರೂಪ, ಮೇಲಕ್ಕೆ ಮಿತಿಯಿಲ್ಲ. ಇದರ ಮೇಲೆ ಉದ್ಯಾನದ ಪ್ರವೇಶ ಶುಲ್ಕ: 2024ರ ಆಗಸ್ಟ್‌ನಿಂದ ವಿದೇಶಿ ವಯಸ್ಕರಿಗೆ 200 ಡಾಲರ್, ಹನ್ನೆರಡರ ಒಳಗಿನ ಮಕ್ಕಳಿಗೆ 100, ನಗದು ಇಟ್ಟುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಹಡಗಿಗಿಂತ ಮೊದಲು ವೀಸಾ ವಿಚಾರ ಮುಗಿಸಿ. ಹಸಿ ಹಣ್ಣು, ಬೀಜ, ಕಾಳು ದ್ವೀಪಕ್ಕೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಚೀಲ ಬಿಚ್ಚಿಸಿ ನೋಡುತ್ತಾರೆ. ಸಸ್ಯಾಹಾರಿಗಳು "ವೆಜಿಟೇರಿಯನ್" ಎಂದಷ್ಟೇ ಬರೆದರೆ ಮೀನು ಬಡಿಸುವ ಅಪಾಯವಿದೆ. ಮಾಂಸ, ಕೋಳಿ, ಮೀನು ಬೇಡ ಎಂದು ಬಿಡಿಸಿ ಬರೆಯಿರಿ. ಅನ್ನ, ಹುರುಳಿಕಾಯಿ ಬೀಜದ ಗಟ್ಟಿ ಸಾರಿನಂತಹ ಮೆನೆಸ್ತ್ರಾ, ಬಾಳೆಕಾಯಿ ಜಜ್ಜಿ ಕರಿದ ಪತಕೋನೆಸ್, ಖಾರಕ್ಕೆ ಅಹಿ ಎಂಬ ಮೆಣಸಿನ ಗೊಜ್ಜು. ಹಸಿವಿನಿಂದ ಯಾರೂ ಸಾಯುವುದಿಲ್ಲ.

ಹಡಗೇ ಬೇಡವೆಂದರೆ

ಇದನ್ನು ಬಡವರ ದಾರಿ ಎಂದು ತಳ್ಳಿಹಾಕುವವರ ಮಾತು ಕೇಳಬೇಡಿ. ಸಾಂತಾ ಕ್ರೂಸ್ ದ್ವೀಪದ ಪುಯೆರ್ತೊ ಅಯೋರಾ ಎಂಬ ಊರಿನಲ್ಲಿ ಕೋಣೆ ಹಿಡಿದು, ಬೆಳಿಗ್ಗೆ ಹೋಗಿ ಸಂಜೆ ಬರುವ ದೋಣಿಗಳಲ್ಲಿ ಸುತ್ತಬಹುದು. ರಾತ್ರಿ ನೆಲದ ಮೇಲೆ ನಿದ್ದೆ. ದ್ವೀಪದಿಂದ ದ್ವೀಪಕ್ಕೆ ವೇಗದ ದೋಣಿಯಲ್ಲಿ ಸುಮಾರು ಎರಡು ಗಂಟೆ, ಆ ಎರಡು ಗಂಟೆ ಮಾತ್ರ ಹಲ್ಲು ಕಚ್ಚಿ ಕುಳಿತಿರಬೇಕು. ಇಸಬೆಲಾದ ಪುಯೆರ್ತೊ ವಿಯಾಮಿಲ್ ಎದುರಿನ ತಿಂತೊರೆರಾಸ್ ಬಂಡೆಗಳಲ್ಲಿ ಪೆಂಗ್ವಿನ್ ಕೂಡ ಸಿಗುತ್ತವೆ. ಸಾನ್ ಕ್ರಿಸ್ಟೋಬಲ್ ಊರಿನ ಕಡಲದಂಡೆಯ ಬೆಂಚುಗಳ ಮೇಲೆ ಕಡಲಸಿಂಹಗಳು ಮಲಗಿರುತ್ತವೆ, ಮನುಷ್ಯರು ನಿಂತಿರುತ್ತಾರೆ.

ಪುಯೆರ್ತೊ ಅಯೋರಾದ ಮೀನು ಮಾರುಕಟ್ಟೆಯಂತೂ ಯಾವ ಹಡಗಿನವರಿಗೂ ಸರಿಯಾಗಿ ಸಿಗದ ನೋಟ. ಒಂದು ಸಿಮೆಂಟಿನ ಕಟ್ಟೆ, ಅದರ ಹಿಂದೆ ಮೀನು ಕತ್ತರಿಸುವ ಹೆಂಗಸು. ಅವಳ ಮೊಣಕಾಲಿಗೆ ಒರಗಿ, ಮನೆಯ ನಾಯಿಯಂತೆ ಮೂತಿ ಎತ್ತಿ ಕುಳಿತ ಕಡಲಸಿಂಹ. ಎದುರಿಗೆ ಸಾಲಾಗಿ ಹೆಜ್ಜಾರ್ಲೆಗಳು. ಅವಳು ಕತ್ತಿಯ ಹಿಡಿಯಿಂದ ಕಡಲಸಿಂಹದ ಮೂತಿಯನ್ನು ಮೆಲ್ಲಗೆ ಪಕ್ಕಕ್ಕೆ ದೂಡುತ್ತಾಳೆ, ಗಿರಾಕಿಯ ಜೊತೆ ಮಾತು ನಿಲ್ಲಿಸದೆ. ಬಾಲವೊಂದು ಕೆಳಗೆ ಬಿತ್ತು. ಆರು ಕೊಕ್ಕು ಒಟ್ಟಿಗೆ ಹೋದವು. ಕೊಕ್ಕರೆ ಬೆಳ್ಳೂರಿನಲ್ಲಿ ಮರದ ತುದಿಯಲ್ಲಿ ಗಂಭೀರವಾಗಿ ಕುಳಿತ ಹೆಜ್ಜಾರ್ಲೆಗಳನ್ನು ನೋಡಿದ್ದ ನನಗೆ ಈ ಬೀದಿ ಜಗಳದ ಹೆಜ್ಜಾರ್ಲೆ ಹೊಸದು.

ನೆಲದಲ್ಲಿ ತಂಗಿದವರಿಗೆ ತಪ್ಪುವುದು ಫರ್ನಾಂಡಿನಾ, ಜೆನೊವೆಸಾಗಳಂತಹ ದೂರದ ದ್ವೀಪಗಳು, ಮತ್ತೆ ಮುಂಜಾನೆ ಆರು ಗಂಟೆಗೆ ಬೇರೆ ಯಾರೂ ಇಲ್ಲದ ದಡ. ಹಡಗು ರಾತ್ರಿ ನಡೆಯುವುದರಿಂದ ನೀವು ಎದ್ದಾಗ ಅಲ್ಲಿಯೇ ಇರುತ್ತೀರಿ. ದಿನದ ದೋಣಿಯವರು ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ.

ಅಕ್ಕನ ಮಗಳಿಗೆ ಹೇಳಿದ್ದು

ಅವಳ ಮೂರು ಕರಪತ್ರಗಳಲ್ಲಿ ಒಂದು ಹದಿನಾರು ಜನರ ಹಡಗು, ಎಂಟು ದಿನ, ಪಶ್ಚಿಮ. ಎರಡನೆಯದು ಕೆಟಮರಾನ್, ಐದು ದಿನ, ಎಸ್ಪನ್ಯೋಲಾ ಕಡೆ. ಮೂರನೆಯದು ತೊಂಬತ್ತು ಜನರದು, ಐದು ದಿನ, ಉತ್ತರ. ಹುಡುಗನಿಗೆ ಶಾಲೆ ಬಿಡುವುದು ಜೂನ್ ಕೊನೆಗೆ, ಆದ್ದರಿಂದ ತಿಂಗಳು ತಾನಾಗಿಯೇ ನಿಗದಿಯಾಗಿತ್ತು.

ಮೇಲುನೋಟಕ್ಕೆ ಅಕ್ಕ, ಭಾವನಿಗಾಗಿ ಮೂರನೆಯದು ಸರಿ ಎನ್ನಿಸುತ್ತದೆ. ನಾನು ಮೊದಲನೆಯದನ್ನು ಹೇಳಿದೆ. ಕಾರಣ, ಪಶ್ಚಿಮದಲ್ಲಿ ಬಹಳಷ್ಟು ನೋಡುವುದು ಪಂಗಾದಲ್ಲಿ ಕುಳಿತೇ. ಎಲಿಜಬೆತ್ ಕೊಲ್ಲಿಯ ಕಾಂಡ್ಲಾ ಕಾಡಿನಲ್ಲಿ ಇಂಜಿನ್ ನಿಲ್ಲಿಸಿ ತೇಲುವಾಗ ಕಡಲಾಮೆಗಳು ದೋಣಿಯ ಅಂಚಿಗೇ ಬಂದು ಉಸಿರು ಬಿಡುತ್ತವೆ. ಪೆಂಗ್ವಿನ್‌ಗಳು ನೀರಿನ ಮಟ್ಟದ ಬಂಡೆಯ ಮೇಲೆ ನಿಂತಿರುತ್ತವೆ. ಮಂಡಿನೋವಿಗೆ ಮೆಟ್ಟಿಲಿಲ್ಲದ ಪ್ರವಾಸ ಅದು. ಉತ್ತರದ ಜೆನೊವೆಸಾದಲ್ಲಿ ಬಂಡೆಯ ಕಡಿದಾದ ಮೆಟ್ಟಿಲು ಹತ್ತಬೇಕು. ಪುಂಟಾ ಎಸ್ಪಿನೋಸಾದ ಲಾವಾ ಮಾತ್ರ ಏರುತಗ್ಗು. ಭಾವ ಅರ್ಧ ಹೋಗಿ ಕುಳಿತುಕೊಳ್ಳಲಿ, ಇಗುವಾನಾಗಳು ಅಲ್ಲಿಯೂ ಇರುತ್ತವೆ.

ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಬರೆದು ಕಳಿಸಲು ಹೇಳಿದೆ. ಈಜುವವರು ಇಳಿದಾಗ ಎರಡನೆಯ ಪಂಗಾ ಉಳಿದವರನ್ನು ಸುತ್ತಿಸುತ್ತದೆಯೇ, ಕೆಳಗಿನ ಕೋಣೆಗಳಲ್ಲಿ ಇಂಜಿನ್ನಿಗೆ ದೂರದವು ಯಾವುವು, ಮೈಗಂಟುವ ಈಜುಡುಗೆ ಬಾಡಿಗೆಗೆ ಹುಡುಗನ ಅಳತೆಯಲ್ಲಿ ಇದೆಯೇ. ಎರಡಕ್ಕೆ ಉತ್ತರ ಚೆನ್ನಾಗಿ ಬಂತು. ಉಡುಗೆ ಮಾತ್ರ ಅವನ ಅಳತೆಯದ್ದಿಲ್ಲವಂತೆ, ಊರಿನಿಂದಲೇ ಕೊಂಡೊಯ್ಯುತ್ತಿದ್ದಾರೆ.

ಲೈಫ್ ಜಾಕೆಟ್ ತೊಟ್ಟು, ಪಂಗಾದ ಹಗ್ಗ ಹಿಡಿದುಕೊಂಡು, ಮುಖವಷ್ಟೇ ನೀರಿಗೆ ಇಟ್ಟರೂ ಕಡಲಾಮೆ ಕಾಣುತ್ತದೆ ಎಂದು ಅಕ್ಕನಿಗೆ ಹೇಳಿದ್ದೆ. ಅವಳು ಏನೂ ಹೇಳಲಿಲ್ಲ. ಮೊನ್ನೆ ಭಾವ ಫೋನ್ ಮಾಡಿದಾಗ ತಿಳಿಯಿತು, ವಾರಕ್ಕೆ ಮೂರು ದಿನ ಬೆಳಿಗ್ಗೆ ಮೈಸೂರಿನ ಈಜುಕೊಳಕ್ಕೆ ಹೋಗುತ್ತಿದ್ದಾಳಂತೆ. ಈಜು ಕಲಿಯುವುದಿಲ್ಲ ಎಂದು ತರಬೇತುದಾರರಿಗೆ ಮೊದಲೇ ಹೇಳಿದ್ದಾಳೆ. ಕಂಬಿ ಹಿಡಿದು ಮುಖ ಮುಳುಗಿಸುವುದು ಮಾತ್ರ. ಮೊದಲ ವಾರ ಮೂರು ಸೆಕೆಂಡು, ಈಗ ಹನ್ನೊಂದು.